ಚುಕ್ಕಿ ಇಟ್ಟವರು ಯಾರು?

ನರಮೇಧ ಅಂದಕೂಡಲೇ ನಾವು ಹಿಟ್ಲರ್ ಹೆಸರು ಹೇಳಿ ಕೈತೊಳೆದುಕೊಳ್ತೀವಿ. ನನಗೆ ಅವನಿಗಿಂತ ಹೆಚ್ಚು ಭಯ ಹುಟ್ಟಿಸೋದು ಒಂದು ನಕ್ಷೆ.

1941. ಜರ್ಮನರ ಹಿಡಿತದಲ್ಲಿದ್ದ ಆಮ್‌ಸ್ಟರ್‌ಡ್ಯಾಮ್. ನಗರಪಾಲಿಕೆ ನೌಕರರು ಊರಿನ ನಕ್ಷೆ ಮೇಲೆ ಚುಕ್ಕಿ ಇಟ್ಟರು. ಒಂದು ಚುಕ್ಕಿಗೆ 10 ಯಹೂದಿಗಳು. ಅವರೇನೂ ಬಂದೂಕು ಹಿಡಿಯಲಿಲ್ಲ; ಕೇಳಿದ ಡೇಟಾ ನೀಟಾಗಿ ಕೊಟ್ಟರು, ಅಷ್ಟೇ. ನೋಂದಣಿ ಇಲಾಖೆಯ ಮುಖ್ಯಸ್ಥ ಯಾಕೋಬಸ್ ಲೆಂಟ್ಸ್ ನಕಲು ಮಾಡೋಕೆ ಬಹಳ ಕಷ್ಟವಾದ ಗುರುತಿನ ಚೀಟಿಯನ್ನೇ ರೂಪಿಸಿಕೊಟ್ಟ. ನೆದರ್‌ಲೆಂಡ್ಸಿನ ಸುಮಾರು 1,40,000 ಯಹೂದಿಗಳಲ್ಲಿ 1,00,000ಕ್ಕೂ ಹೆಚ್ಚು ಜನ ಕೊಲೆಯಾದರು.

'ನಾನಲ್ಲದಿದ್ರೆ ಇನ್ನೊಬ್ಬ ಮಾಡ್ತಿದ್ದ' ಅಂತೀರಾ? 1943ರ ಮಾರ್ಚಿನಲ್ಲಿ ಕೆಲವು ಕಲಾವಿದರು, ವಿದ್ಯಾರ್ಥಿಗಳು ಸೇರಿ ಅದೇ ಊರಿನ ನೋಂದಣಿ ಕಚೇರಿಗೆ ಬೆಂಕಿ ಇಟ್ಟರು. ಆಮೇಲೆ ಅವರಲ್ಲಿ 12 ಜನರನ್ನು ಗುಂಡಿಟ್ಟು ಕೊಂದರು. ಅಷ್ಟು ಧೈರ್ಯ ನನಗಿಲ್ಲ, ಒಪ್ತೀನಿ. ಆದರೆ ಆ ರಾತ್ರಿ ಬಂದ ಅಗ್ನಿಶಾಮಕದವರನ್ನು ನೋಡಿ. ಬೇಕಂತಲೇ ತಡ ಮಾಡಿದರು. ಆಮೇಲೆ ಉಳಿದ ಕಾರ್ಡುಗಳೂ ಹಾಳಾಗಲಿ ಅಂತ ಬೇಕಾದ್ದಕ್ಕಿಂತ ಹೆಚ್ಚು ನೀರು ಸುರಿದರು. ಅವರೂ ಸಂಬಳಕ್ಕೆ ದುಡಿಯೋರೇ.

ಆ ಕಾರ್ಡುಗಳಲ್ಲಿ ಧರ್ಮದ ಕಾಲಂ ಯುದ್ಧಕ್ಕೆ ಮೊದಲೇ ಇತ್ತು. ಆಗ ಅದರಿಂದ ಯಾರಿಗೂ ತೊಂದರೆ ಕಾಣಲಿಲ್ಲ.

ನಾನೂ ಡೇಟಾಬೇಸ್ ಕಟ್ಟಿ ಹೊಟ್ಟೆ ಹೊರೆಯೋನು. ರಿಕ್ವೈರ್‌ಮೆಂಟ್ ಬಂತು, ಟಿಕೆಟ್ ಕ್ಲೋಸ್ ಮಾಡಿದೆ ಅನ್ನೋ ಜನ ನಾವು. ನಾಳೆ ಅಂಥ ಟಿಕೆಟ್ ನಿಮ್ಮ ಹೆಸರಿಗೆ ಬಂದರೆ ಇಷ್ಟಾದ್ರೂ ಕೇಳಿ: ಈ ಕಾಲಂ ಯಾರಿಗೆ ಬೇಕು? ಯಾಕೆ ಬೇಕು?