ಪ್ಯಾಂಟ್ ನಿಮ್ಮ ಅಳತೆಗೆ ಬರಲಿ

ಸೊಂಟಕ್ಕೆ ಸರಿಹೋದ ಪ್ಯಾಂಟ್ ಹಿಪ್‌ನಲ್ಲಿ ಬಿಗಿ, ಹಿಪ್‌ಗೆ ಸರಿಹೋದದ್ದು ಸೊಂಟದಲ್ಲಿ ಸಡಿಲ. ಟ್ರಯಲ್ ರೂಮಿನ ಕನ್ನಡಿ ಮುಂದೆ ನಿಂತು ‘ನಾನೇ ದಪ್ಪ ಆಗ್ಬಿಟ್ಟೆ’ ಅಂತ ಬೇಜಾರು ಮಾಡ್ಕೋತೀರಲ್ಲ, ತಪ್ಪು ನಿಮ್ಮ ಮೈಯದ್ದಲ್ಲ. ರೆಡಿಮೇಡ್ ಪ್ಯಾಂಟ್ ಯಾವುದೋ ಅಂದಾಜು ಮೈಕಟ್ಟಿಗೆ ಕತ್ತರಿಸಿದ್ದು.

ಚೂಡಿದಾರ್ ಹೊಲಿಯುವವರಿಗೆ ಪ್ಯಾಂಟ್ ಕಷ್ಟವೇನಲ್ಲ. ಗುಟ್ಟೆಲ್ಲಾ ಆಸನದ ಅಳತೆಯಲ್ಲಿದೆ. ಗಟ್ಟಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ಪಕ್ಕದಲ್ಲಿ ಸೊಂಟದಿಂದ ಕುರ್ಚಿಯ ಹಲಗೆವರೆಗೆ ಟೇಪ್ ಹಿಡಿಯಿರಿ. ಒಂದು ಇಂಚು ಸೇರಿಸಿ. ಹಿಂಭಾಗದ ಆಸನ ಮುಂಭಾಗಕ್ಕಿಂತ ಉದ್ದವಿರಲಿ, ಇಲ್ಲದಿದ್ದರೆ ಕೂತಾಗ ಪ್ಯಾಂಟ್ ಹಿಂದೆ ಜಾರುತ್ತೆ. ಮೊದಲು ಹಳೇ ಬೆಡ್‌ಶೀಟಿನಲ್ಲಿ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿ. ನಿಂತು ನೋಡಿದ್ರೆ ಸಾಲದು. ಕೂತು, ಬಗ್ಗಿ ನೋಡಿ. ಕಾಟನ್ ಆದರೆ ಕತ್ತರಿಸುವ ಮೊದಲೇ ನೆನೆಸಿ ಒಣಗಿಸಿ. ಜೇಬಾ? ಮೊಬೈಲ್ ಪೂರ್ತಿ ಹಿಡಿಯುವಷ್ಟು ಆಳವಾಗಿಡಿ. ಅಂಗಡಿಯವರು ನಮಗೆ ಅದನ್ನಂತೂ ಕೊಡೋದೇ ಇಲ್ಲ!