ಮರುಕವೋ, ಮನೋವ್ಯಾಧಿಯೋ?

2018ನೆಯ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜರಿದುವು. ಮನೆಯೊಂದು ಇಳಿಜಾರಿಗೆ ಉರುಳಿದ ದೃಶ್ಯವನ್ನು ವಾರ್ತಾವಾಹಿನಿಗಳು ಮತ್ತೆ ಮತ್ತೆ ತೋರಿಸಿದುವು. ಅಲ್ಲಿ ಒಮ್ಮೆ ಬಿದ್ದ ಮನೆ ನಮ್ಮ ನಡುಮನೆಗಳಲ್ಲಿ ನೂರು ಸಲ ಬಿದ್ದಿತು.

‘ಪರರ ಸಂಕಟಕ್ಕೆ ಕಣ್ಣು ಮುಚ್ಚುವುದು ನಿರ್ದಯೆಯಲ್ಲವೇ?’ ಎಂದು ಕೆಲವರು ಆಕ್ಷೇಪಿಸುವರು. ಸಂಕಟವನ್ನು ಅರಿಯುವುದು ಧರ್ಮವೇ ಸರಿ. ಆದರೆ ಅದನ್ನೇ ದಿನವೆಲ್ಲ ನೋಡುತ್ತ ಕುಳಿತರೆ ನಿರಾಶ್ರಿತನಿಗೆ ಒಂದು ಕಂಬಳಿಯೂ ದೊರೆಯದು. 2013ರ ಬೋಸ್ಟನ್ ಬಾಂಬುಸ್ಫೋಟದ ತರುವಾಯ ಅಮೆರಿಕದ ಸಂಶೋಧಕರು ಕಂಡುದೇನು? ದಿನಕ್ಕೆ 6 ಗಂಟೆಗಳಿಗೆ ಕಡಮೆಯಿಲ್ಲದೆ ಆ ವಾರ್ತೆಯಲ್ಲಿ ಮುಳುಗಿದ್ದವರ ಮನಃಕ್ಲೇಶವು ಸ್ಥಳದಲ್ಲಿದ್ದವರದಕ್ಕಿಂತಲೂ ಅಧಿಕವಾಗಿತ್ತು. ಅನರ್ಥವು ಮನುಷ್ಯಕೃತವಾಗಲಿ ದೈವಿಕವಾಗಲಿ, ಅಂಜಿ ನಿದ್ರೆಗೆಟ್ಟ ಮನಸ್ಸು ಯಾರಿಗೆ ಊರುಗೋಲಾದೀತು?

ವಾಚಕರೇ, ಒಮ್ಮೆ ತಿಳಿಯಿರಿ, ಕೈಲಾದುದನ್ನು ಕಳುಹಿಸಿರಿ, ಮಕ್ಕಳು ಮಳೆಯ ಸದ್ದಿಗೇ ಬೆಚ್ಚುವ ಮೊದಲು ಆ ಯಂತ್ರವನ್ನು ಆರಿಸಿರಿ.