ಸಂಜೆಯ ಕೋಣೆ ಯಾರು ಕೊಡಬೇಕು?

ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಸೌತ್‌ಫೀಲ್ಡ್ ಎಂಬುದು ಹುಡುಗಿಯರ ‘ಡೇ ಹೌಸ್’. ರಾತ್ರಿ ಅಲ್ಲಿ ಯಾರೂ ತಂಗುವುದಿಲ್ಲ. ಆದರೂ ಓದಲು ಜಾಗ, ಹಿರಿಕಿರಿಯ ಗೆಳತಿಯರು, ಕಷ್ಟಸುಖ ವಿಚಾರಿಸುವ ಶಿಕ್ಷಕಿ ಇದ್ದಾರೆ. ದುಬಾರಿ ಶುಲ್ಕದ ಶಾಲೆ ಅದು, ಒಪ್ಪೋಣ. ನಾವು ಕೇಳುವುದು ಆ ಕಟ್ಟಡವನ್ನಲ್ಲ, ಆ ಏರ್ಪಾಡನ್ನು.

ಗಡಿನಾಡಿನ ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಕೊನೆಯ ಗಂಟೆಯೊಂದಿಗೆ ಕನ್ನಡದ ಓದೂ ಮುಗಿಯುತ್ತದೆ. ಟ್ಯೂಷನ್ ಸಿಕ್ಕರೆ ಮಲಯಾಳದಲ್ಲೋ ಮರಾಠಿಯಲ್ಲೋ! 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ಹೇಳುತ್ತದೆ. ಸಂಜೆಯ ಕೋಣೆಯ ಮಾತು ಅದರಲ್ಲಿಲ್ಲ. ಪಾಲಕರೇ ಕೇಳಬೇಕು. ಮುಂದಿನ ಸಭೆಯಲ್ಲಿ ಒಂದು ಕೋಣೆ, ಒಬ್ಬ ಶಿಕ್ಷಕಿ, ಐದೂವರೆಯವರೆಗೆ ತೆರೆದ ಬಾಗಿಲು, ಇಷ್ಟನ್ನು ಲಿಖಿತವಾಗಿ ಕೇಳಿರಿ. ನಿಮ್ಮೂರಿನ ಕೊನೆಯ ಬಸ್ಸಿನ ವೇಳೆಯನ್ನೂ ಅರ್ಜಿಯಲ್ಲಿ ನಮೂದಿಸಿರಿ.